ಹೊರಗಿನ ಶೌಚಾಲಯವೆಂದರೆ ಮಗುವಿಗೇಕೆ ಅಂಜಿಕೆ?

ಮನೆಯಲ್ಲಿ ನಿರಾತಂಕವಾಗಿ ಶೌಚಕ್ಕೆ ಕುಳಿತುಕೊಳ್ಳುವ ಮಗು,
ಬಸ್ ನಿಲ್ದಾಣದ ಶೌಚಾಲಯದ ಬಾಗಿಲಲ್ಲಿ,
ಅಮ್ಮನ ಸೆರಗನ್ನು ಬಿಗಿಹಿಡಿದು ಅಳುವುದೇಕೆ?

ಅದು ಹಟವಲ್ಲ, ಪ್ರಿಯ ವೀಕ್ಷಕರೇ, ಭೀತಿ.

ಎರಡು ಮೂರು ವರ್ಷದ ಕೂಸಿಗೆ,
ವಯಸ್ಕರಿಗಾಗಿ ನಿರ್ಮಿತವಾದ ಆ ವಿಶಾಲ ಆಸನವು
ಕಟ್ಟೆಯಿಲ್ಲದ ಬಾವಿಯಂತೆ ತೋರುತ್ತದೆ;
ಕಾಲಿಗೆ ನೆಲವಿಲ್ಲ, ಕೈಗೆ ಆಸರೆಯಿಲ್ಲ.

ಆದುದರಿಂದ,
ಮಡಚಬಲ್ಲ ಪುಟ್ಟ ಸೀಟೊಂದು ನಿಮ್ಮ ಚೀಲದಲ್ಲಿರಲಿ.
ಅದಿಲ್ಲವಾದರೆ,
ನೀರಿನ ತೊಟ್ಟಿಯತ್ತ ಮುಖಮಾಡಿಸಿ ಕುಳ್ಳಿರಿಸಿ,
ಬೆನ್ನಿಗೆ ನಿಮ್ಮ ಕೈಗಳ ಆಧಾರವನ್ನೀಯಿರಿ.
ನೆಲಮಟ್ಟದ ದೇಶೀ ಶೌಚಾಲಯವಾದರೋ,
ಹಿಂದೆ ನಿಂತು, ಕಂಕುಳಲ್ಲಿ ಹಿಡಿದು,
ಮಗುವಿನ ಭಾರವನ್ನು ನೀವೇ ವಹಿಸಿರಿ.

ಮಾಲ್‌ಗಳಲ್ಲಿಯೂ ವಿಮಾನನಿಲ್ದಾಣಗಳಲ್ಲಿಯೂ
ಭಯಕ್ಕೆ ಮತ್ತೊಂದು ಕಾರಣವುಂಟು.
ಎದುರಿನ ದೇಹವು ಸರಿದುದನ್ನರಿತು
ತಾನಾಗಿಯೇ ಫ್ಲಶ್ ಮಾಡುವ ಸೆನ್ಸರ್,
ಪುಟ್ಟ ದೇಹವು ತುಸು ಅಲುಗಿದರೂ ಮೋಸಹೋಗಿ,
ಮಗು ಕುಳಿತಿರುವಾಗಲೇ
ನೀರನ್ನು ಭೋರ್ಗರೆಯಿಸಿಬಿಡುತ್ತದೆ!
ಅದರ ಮೇಲೊಂದು ಅಂಟುಚೀಟಿಯನ್ನು ಹಚ್ಚಿರಿ;
ಮಗು ಇಳಿದು ದೂರ ನಿಂತ ತರುವಾಯ ತೆಗೆಯಿರಿ.
ಕೈ ಒಣಗಿಸುವ ಯಂತ್ರದ ಕರ್ಕಶ ಧ್ವನಿಗೆ ಬದಲಾಗಿ
ಕರವಸ್ತ್ರವೊಂದಿರಲಿ.

ಮನೆಯಿಂದ ಹೊರಡುವ ಮುನ್ನ ಒಮ್ಮೆ,
ಹೋಗಬೇಕಾದ ಸ್ಥಳವನ್ನು ಸೇರಿದೊಡನೆ ಇನ್ನೊಮ್ಮೆ,
ಶೌಚಾಲಯಕ್ಕೆ ಕರೆದೊಯ್ಯಿರಿ.
ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೆ ಶುಚಿಗೊಳಿಸಿರಿ.
ಸೋಪು ಹಚ್ಚಿ, 20 ಸೆಕೆಂಡು ಕೈ ತೊಳೆಯಿಸಿರಿ.

ಇಷ್ಟಾಗಿಯೂ ಬಟ್ಟೆ ಒದ್ದೆಯಾದರೆ,
ಗದರದೆ, ಇನ್ನೊಂದು ಜೊತೆಯನ್ನು ತೊಡಿಸಿರಿ;
ಏಕೆಂದರೆ, ಬೈಗುಳಕ್ಕಂಜಿದ ಮಗು
ಮಲವನ್ನು ತಡೆಹಿಡಿಯುವ ಅಭ್ಯಾಸಕ್ಕೆ ಬಿದ್ದು,
ಮಲಬದ್ಧತೆಗೆ ಈಡಾಗಬಹುದು;
ಆ ನೋವಿನಿಂದ,
ಮನೆಯ ಶೌಚಾಲಯಕ್ಕೂ ಅದು ಹೆದರತೊಡಗೀತು!