ಸೀಮೆಗಳು ಸರಿದ ನಾಡು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಭೂಗೋಳ, ಆಡಳಿತ ಮತ್ತು ಇತಿಹಾಸ

ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಿತು. ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆ, ಹರಿಹರ ಮತ್ತು ಜಗಳೂರು, ಶಿವಮೊಗ್ಗ ಜಿಲ್ಲೆಯಿಂದ ಚನ್ನಗಿರಿ ಮತ್ತು ಹೊನ್ನಾಳಿ, ಬಳ್ಳಾರಿ ಜಿಲ್ಲೆಯಿಂದ ಹರಪನಹಳ್ಳಿ ತಾಲ್ಲೂಕುಗಳನ್ನು ಬೇರ್ಪಡಿಸಿ ಈ ಹೊಸ ಜಿಲ್ಲೆಯನ್ನು ರಚಿಸಲಾಯಿತು. ಇಪ್ಪತ್ತೊಂದು ವರ್ಷಗಳ ತರುವಾಯ, 2018ರಲ್ಲಿ, ಹರಪನಹಳ್ಳಿಯು ಮರಳಿ ಬಳ್ಳಾರಿ ಜಿಲ್ಲೆಗೆ ಸೇರಿತು. ಅದೇ ವರ್ಷ ಹೊನ್ನಾಳಿ ತಾಲ್ಲೂಕಿನಿಂದ ಒಡೆದು ನ್ಯಾಮತಿಯು ಪ್ರತ್ಯೇಕ ತಾಲ್ಲೂಕಾಗಿ ಕಾರ್ಯಾರಂಭ ಮಾಡಿತು. ಹೀಗೆ ಒಂದು ತಲೆಮಾರಿನ ಅವಧಿಯಲ್ಲಿಯೇ ಈ ಭಾಗದ ಆಡಳಿತ ನಕ್ಷೆ ಎರಡು ಬಾರಿ ಬದಲಾಗಿದೆ. ಆದರೆ ಈ ನಾಡಿನ ಶಾಸನಗಳು, ಗೆಜೆಟಿಯರುಗಳು ಮತ್ತು ಜನಗಣತಿಯ ದಾಖಲೆಗಳು ತಾವು ಹುಟ್ಟಿದ ಕಾಲದ ಸೀಮೆಗಳಲ್ಲಿಯೇ ಉಳಿದುಕೊಂಡಿವೆ. ಇಂದಿನ ಸೀಮೆಯನ್ನೇ ಚರಿತ್ರೆಯ ಸೀಮೆಯೆಂದು ಭಾವಿಸಿ ಹೊರಡುವ ಸಂಶೋಧಕನಿಗೆ ಅರ್ಧದಷ್ಟು ಆಕರಗಳು ಕಣ್ಣಿಗೆ ಬೀಳದೆ ಹೋಗಬಹುದು. ಈ ಹಿನ್ನೆಲೆಯಲ್ಲಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಸ್ವರೂಪವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನೆಲ ಮತ್ತು ನೀರು

ಈ ನಾಲ್ಕು ತಾಲ್ಲೂಕುಗಳು ಒಂದೇ ಭೌಗೋಳಿಕ ಘಟಕವಲ್ಲ. ನ್ಯಾಮತಿ, ಹೊನ್ನಾಳಿ ಮತ್ತು ಚನ್ನಗಿರಿ ಜಿಲ್ಲೆಯ ನೈಋತ್ಯಕ್ಕೆ ಒಂದಕ್ಕೊಂದು ಹೊಂದಿಕೊಂಡಿದ್ದರೆ, ಜಗಳೂರು ಈಶಾನ್ಯದ ತುದಿಯಲ್ಲಿ ದೂರವಾಗಿ ನಿಂತಿದೆ. ಮಲೆನಾಡಿನ ಸೆರಗಿನಲ್ಲಿರುವ ನ್ಯಾಮತಿಯಿಂದ ಹೊರಟು ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತ, ಮರಗಾಡು ಕುರುಚಲಾಗುತ್ತ, ಗದ್ದೆ ತೋಟಗಳು ಹೊಲಗಳಾಗುತ್ತ ಜಗಳೂರಿನಲ್ಲಿ ಅಪ್ಪಟ ಬಯಲುಸೀಮೆ ಎದುರಾಗುತ್ತದೆ.

ತುಂಗಾ ಮತ್ತು ಭದ್ರಾ ನದಿಗಳು ಕೂಡಲಿಯಲ್ಲಿ ಸಂಗಮಿಸಿದ ಮೇಲೆ ತುಂಗಭದ್ರೆಯು ಉತ್ತರಾಭಿಮುಖವಾಗಿ ಹರಿದು ಹೊನ್ನಾಳಿ ಪಟ್ಟಣವನ್ನು ಮುಟ್ಟುತ್ತದೆ. ಹೊನ್ನಾಳಿ ಸೀಮೆಯ ಬದುಕು ಈ ನದಿಯನ್ನು ಆಶ್ರಯಿಸಿಕೊಂಡಿದೆ. ಹೊನ್ನಾಳಿ ಮತ್ತು ನ್ಯಾಮತಿಯ ನೆಲದಡಿಯ ಶಿಲೆಗಳಲ್ಲಿ ಚಿನ್ನದ ಅಂಶವಿದ್ದು, ಕುದುರೆಕೊಂಡ ಮತ್ತು ಪಲವನಹಳ್ಳಿಗಳ ಸುತ್ತ ಹಳೆಯ ಅಗೆತದ ಕುರುಹುಗಳನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಊರಿನ ಹೆಸರಿನಲ್ಲಿರುವ 'ಹೊನ್ನು' ಎಂಬ ಪದವನ್ನು ಜನರು ಇದರೊಂದಿಗೆ ಜೋಡಿಸುವುದು ರೂಢಿ.

ಚನ್ನಗಿರಿ ತಾಲ್ಲೂಕಿನ ಭೂಗೋಳದ ಕೇಂದ್ರಬಿಂದು ಸೂಳೆಕೆರೆ, ಅರ್ಥಾತ್ ಶಾಂತಿಸಾಗರ. ಎರಡು ಗುಡ್ಡಗಳ ನಡುವಿನ ಕಣಿವೆಗೆ ಏರಿ ಕಟ್ಟಿ ಹರಿದ್ರಾ ಎಂಬ ಹಳ್ಳವನ್ನು ತಡೆದು ನಿರ್ಮಿಸಿದ ಈ ಕೆರೆ ಏಷ್ಯಾ ಖಂಡದ ದೊಡ್ಡ ಕೆರೆಗಳಲ್ಲಿ ಒಂದೆಂದು ಪ್ರಸಿದ್ಧವಾಗಿದೆ. ಶಾಂತವ್ವೆ ಎಂಬ ರಾಜಕುಮಾರಿ ಇದನ್ನು ಕಟ್ಟಿಸಿದಳೆಂಬುದು ಐತಿಹ್ಯ. ಸಾವಿರ ವರ್ಷಗಳ ಆಸುಪಾಸಿನ ಈ ಏರಿಯ ವಿಶೇಷವಿರುವುದು ಅದರ ಉದ್ದದಲ್ಲಿ ಅಲ್ಲ, ಸ್ಥಳದ ಆಯ್ಕೆಯಲ್ಲಿ. ಕಿರಿದಾದ ಕಣಿವೆಯೊಂದನ್ನು ಮುಚ್ಚಿ ಅಪಾರ ಜಲರಾಶಿಯನ್ನು ಹಿಡಿದಿಟ್ಟ ನಿರ್ಮಾಪಕರ ಜಾಣ್ಮೆಯನ್ನು ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳೂ ಮೆಚ್ಚಿದ್ದರು. ಸಿದ್ಧನಾಲೆ ಮತ್ತು ಬಸವನಾಲೆ ಎಂಬ ಎರಡು ನಾಲೆಗಳು ಇಲ್ಲಿಂದ ಹೊರಡುತ್ತವೆ. ಕೆರೆಯ ಕೋಡಿಯಿಂದ ಮುಂದುವರಿದ ಹರಿದ್ರೆಯು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಇದೇ ಕೆರೆಯ ನೀರನ್ನು ಕೊಳವೆಗಳ ಮೂಲಕ ಚಿತ್ರದುರ್ಗ ನಗರಕ್ಕೂ ಒಯ್ಯಲಾಗುತ್ತಿದೆ. ಜಿಲ್ಲೆಗಳು ಬೇರ್ಪಟ್ಟರೂ ನೀರಿನ ಸಂಬಂಧ ಕಡಿಯಲಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಸ್ವಾತಂತ್ರ್ಯಾನಂತರ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ನಿರ್ಮಾಣಗೊಂಡು, ಬಲದಂಡೆ ನಾಲೆಯು ಚನ್ನಗಿರಿ ಸೀಮೆಯನ್ನು ಹಾದು ದಾವಣಗೆರೆ ಮತ್ತು ಹರಿಹರದ ಕಡೆಗೆ ಸಾಗಿತು. ಅಂದಿನಿಂದ ಚನ್ನಗಿರಿಯ ಕೃಷಿಯ ಸ್ವರೂಪವೇ ಬದಲಾಯಿತು. ಭತ್ತದ ಜೊತೆಗೆ ಅಡಿಕೆ ತೋಟಗಳು ವಿಸ್ತರಿಸಿ, ಇಂದು ಅಡಿಕೆಯು ತಾಲ್ಲೂಕಿನ ಮುಖ್ಯ ವಾಣಿಜ್ಯ ಬೆಳೆಯಾಗಿದೆ. ಬೆಳೆಗಾರರ ಸಹಕಾರ ಸಂಘವಾದ 'ತುಮ್ಕೋಸ್' ಈ ಪರಿವರ್ತನೆಯ ಸಾಂಸ್ಥಿಕ ರೂಪವೆನ್ನಬಹುದು.

ಇದಕ್ಕೆ ತೀರ ಭಿನ್ನವಾದುದು ಜಗಳೂರು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ತಾಲ್ಲೂಕು ಮಳೆಯನ್ನೂ ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿಕೊಂಡಿದೆ. ಜೋಳ, ಶೇಂಗಾ, ಮೆಕ್ಕೆಜೋಳ, ಈರುಳ್ಳಿ ಇಲ್ಲಿನ ಬೆಳೆಗಳು. ಬರವು ಇಲ್ಲಿ ಆಗಾಗ ಮರಳುವ ಅತಿಥಿ. ಆದರೆ ಈ ಒಣನೆಲವನ್ನು ಬರಡೆಂದು ತಳ್ಳಿಹಾಕಲಾಗದು. ಇಲ್ಲಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು 2011ರಲ್ಲಿ ಕೊಂಡುಕುರಿ ವನ್ಯಧಾಮವೆಂದು ಘೋಷಿಸಲಾಯಿತು. ನಾಲ್ಕು ಕೊಂಬುಗಳ ಈ ಅಪರೂಪದ ಜಿಂಕೆಜಾತಿಯ ಪ್ರಾಣಿಗೆ ಆಶ್ರಯ ದೊರೆತಿರುವುದು ಒಣ ಎಲೆಯುದುರುವ ಈ ಬಗೆಯ ಕಾಡಿನಲ್ಲಿಯೇ.

2. ಪ್ರಾಚೀನ ಮತ್ತು ಮಧ್ಯಕಾಲೀನ ಇತಿಹಾಸ

ಭೂಗೋಳದ ಈ ಭೇದವು ಪ್ರಾಚೀನ ರಾಜಕೀಯ ವಿಭಾಗಗಳಲ್ಲಿಯೂ ಪ್ರತಿಫಲಿಸಿದೆ. ಪಶ್ಚಿಮದ ಹೊನ್ನಾಳಿ ಮತ್ತು ನ್ಯಾಮತಿ ಸೀಮೆ ಬನವಾಸಿ ನಾಡಿನ ಪ್ರಭಾವ ವಲಯಕ್ಕೆ ಸೇರಿದ್ದರೆ, ಪೂರ್ವದ ಜಗಳೂರು ಸೀಮೆ ನೊಳಂಬವಾಡಿಯ ಕಡೆಗೆ ವಾಲಿತ್ತು. ಇಂದು ನ್ಯಾಮತಿ ತಾಲ್ಲೂಕಿನಲ್ಲಿರುವ ಬೆಳಗುತ್ತಿಯು 12 ಮತ್ತು 13ನೆಯ ಶತಮಾನಗಳಲ್ಲಿ ಸಿಂದ ಮನೆತನದ ಒಂದು ಶಾಖೆಯ ನೆಲೆಯಾಗಿತ್ತು. ಕಳಚುರಿ, ಹೊಯ್ಸಳ ಮತ್ತು ಸೇವುಣರ ನಡುವಿನ ಪೈಪೋಟಿಯಲ್ಲಿ ಈ ಮಾಂಡಲಿಕರು ತಮ್ಮ ಅಸ್ತಿತ್ವವನ್ನು ಉಳಿಸಿಕೊಂಡ ಬಗೆ ಅಲ್ಲಿನ ಶಾಸನಗಳಿಂದ ತಿಳಿದುಬರುತ್ತದೆ.

ವಿಜಯನಗರೋತ್ತರ ಕಾಲದಲ್ಲಿ ಚನ್ನಗಿರಿ ಸೀಮೆಯು ಕೆಳದಿ, ಚಿತ್ರದುರ್ಗ ಮತ್ತು ಬಿಜಾಪುರದ ಆದಿಲಶಾಹಿಗಳ ನಡುವಿನ ಸಂಘರ್ಷದ ಕಣವಾಯಿತು. ಬಸವಾಪಟ್ಟಣ, ಸಂತೇಬೆನ್ನೂರು ಮತ್ತು ತರೀಕೆರೆ ಎಂಬ ಮೂರು ಊರುಗಳ ಹೆಸರಿನಿಂದಲೂ ಗುರುತಿಸಿಕೊಂಡ ಪಾಳೆಯಗಾರ ಮನೆತನವು ಇಲ್ಲಿ ಬಲವಾಗಿತ್ತು. ಈ ಮನೆತನದ ಹನುಮಪ್ಪ ನಾಯಕನು ಕಟ್ಟಿಸಿದ ಸಂತೇಬೆನ್ನೂರಿನ ಪುಷ್ಕರಣಿ ಮತ್ತು ಅದರ ನಡುವಣ ಮಂಟಪ, 17ನೆಯ ಶತಮಾನದಲ್ಲಿ ಬಿಜಾಪುರದ ಆಧಿಪತ್ಯದ ಕಾಲದಲ್ಲಿ ಅದರ ದಂಡೆಯ ಮೇಲೆ ಎದ್ದ ಮುಸಾಫಿರ್‌ಖಾನೆ, ಇವೆರಡೂ ಒಂದೇ ಆವರಣದಲ್ಲಿ ನಿಂತು ಆ ಕಾಲದ ರಾಜಕೀಯ ಪಲ್ಲಟವನ್ನು ಕಲ್ಲಿನಲ್ಲಿ ದಾಖಲಿಸಿವೆ. ಅನಂತರ ಕೆಳದಿಯ ಅರಸರ ಪ್ರಾಬಲ್ಯ ಹೆಚ್ಚಿತು. ಚನ್ನಗಿರಿ ಎಂಬ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದುದೆಂದು ಪರಂಪರೆಯು ಹೇಳುತ್ತದೆ. ಜಗಳೂರು ಸೀಮೆಯು ಚಿತ್ರದುರ್ಗದ ನಾಯಕರ ಅಧೀನದಲ್ಲಿದ್ದಿತು. 1763ರಲ್ಲಿ ಕೆಳದಿಯೂ 1779ರಲ್ಲಿ ಚಿತ್ರದುರ್ಗವೂ ಹೈದರಾಲಿಯ ವಶವಾದಾಗ ಈ ಎರಡು ಸೀಮೆಗಳು ಮೈಸೂರಿನ ಒಂದೇ ಆಡಳಿತದಡಿ ಬಂದವು.

ಚನ್ನಗಿರಿಯಲ್ಲಿ ಜನಿಸಿದ ಮರಾಠ ಮೂಲದ ಧೋಂಡಿಯ ವಾಘ್ 1799ರಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದು, ಬ್ರಿಟಿಷರ ವಿರುದ್ಧ ಸೈನ್ಯ ಕಟ್ಟಿ, 1800ರ ಸೆಪ್ಟೆಂಬರಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಪಡೆಯೊಡನೆ ಕಾದಾಡುತ್ತ ಮಡಿದನು. 1830-31ರ ನಗರ ರೈತ ದಂಗೆಯು ಹೊನ್ನಾಳಿ ಮತ್ತು ಚನ್ನಗಿರಿ ಸೀಮೆಗಳನ್ನೂ ಆವರಿಸಿತು. ಹೆಚ್ಚಿದ ಕಂದಾಯ ಮತ್ತು ವಸೂಲಿಯ ಕ್ರೌರ್ಯ ಅದರ ಮೂಲ ಕಾರಣಗಳು. ಈ ದಂಗೆಯನ್ನೇ ನೆಪವಾಗಿಸಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡರೆಂಬುದು ಗಮನಾರ್ಹ.

ಸಾಮಾಜಿಕ ಇತಿಹಾಸದ ದೃಷ್ಟಿಯಿಂದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ವಿಶೇಷ ಮಹತ್ತ್ವವುಳ್ಳದ್ದು. ಲಂಬಾಣಿ ಸಮುದಾಯದ ಆರಾಧ್ಯ ಪುರುಷನಾದ ಸಂತ ಸೇವಾಲಾಲರು 1739ರಲ್ಲಿ ಇಲ್ಲಿ ಜನಿಸಿದರೆಂಬುದು ಆ ಸಮುದಾಯದ ನಂಬಿಕೆ. ಪ್ರತಿವರ್ಷ ಫೆಬ್ರವರಿಯಲ್ಲಿ ಹಲವು ರಾಜ್ಯಗಳ ಭಕ್ತರು ಇಲ್ಲಿಗೆ ಮಾಲೆ ಧರಿಸಿ ಬರುತ್ತಾರೆ. ತಾಲ್ಲೂಕು ಕೇಂದ್ರದ ವ್ಯಾಪ್ತಿ ಕೆಲವೇ ಹರದಾರಿಗಳಾದರೂ ಅದರ ಒಂದು ಸಣ್ಣ ಗ್ರಾಮದ ಸಾಂಸ್ಕೃತಿಕ ಸೀಮೆ ದೇಶದಷ್ಟು ವಿಶಾಲವಾಗಿರಬಲ್ಲದು.

3. ಜಿಲ್ಲೆಗಳ ರಚನೆ ಮತ್ತು ಪುನಾರಚನೆ

ಕಮಿಷನರುಗಳ ಆಡಳಿತದಲ್ಲಿ, 1860ರ ದಶಕದ ಆರಂಭದಲ್ಲಿ ಮೈಸೂರನ್ನು ಮೂರು ವಿಭಾಗ ಮತ್ತು ಎಂಟು ಜಿಲ್ಲೆಗಳಾಗಿ ವಿಂಗಡಿಸಿದಾಗ ಶಿವಮೊಗ್ಗ ಮತ್ತು ಚಿತ್ರದುರ್ಗ ಜಿಲ್ಲೆಗಳೆರಡೂ ನಗರ ವಿಭಾಗಕ್ಕೆ ಸೇರಿದವು. 1882ರಲ್ಲಿ ಚಿತ್ರದುರ್ಗವು ಜಿಲ್ಲೆಯ ಸ್ಥಾನ ಕಳೆದುಕೊಂಡು ತುಮಕೂರಿನ ಉಪವಿಭಾಗವಾಯಿತು; 1886ರಲ್ಲಿ ಮತ್ತೆ ಜಿಲ್ಲೆಯಾಯಿತು. ಈ ತಾಲ್ಲೂಕುಗಳು ಆಗ ಗಡಿನಾಡುಗಳಾಗಿದ್ದವೆಂಬುದನ್ನು ಮರೆಯಬಾರದು. ಹೊನ್ನಾಳಿಯ ಆಚೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಿತ್ತು. ಜಗಳೂರಿನ ಆಚೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಿತ್ತು. 1953ರಲ್ಲಿ ಬಳ್ಳಾರಿಯೂ 1956ರಲ್ಲಿ ಧಾರವಾಡವೂ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆಯೇ ಇವು ರಾಜ್ಯದ ನಡುನಾಡಾದವು. ಮಧ್ಯ ಕರ್ನಾಟಕ ಎಂದು ಇಂದು ನಾವು ಕರೆಯುವ ಪ್ರದೇಶವು ಏಕೀಕರಣದ ಫಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

1967ರ ಲೋಕಸಭಾ ಚುನಾವಣೆಯಲ್ಲಿ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಶಿವಮೊಗ್ಗ ಕ್ಷೇತ್ರದಿಂದಲೂ ಜಗಳೂರಿನ ಜೆ. ಮಹಮದ್ ಇಮಾಂ ಅವರು ಚಿತ್ರದುರ್ಗ ಕ್ಷೇತ್ರದಿಂದಲೂ ಆಯ್ಕೆಯಾದರು. ಒಂದೇ ಜಿಲ್ಲೆಯವರೆಂದು ಇಂದು ಪರಿಗಣಿಸಬಹುದಾದ ಈ ಇಬ್ಬರು ಅಂದು ಬೇರೆ ಬೇರೆ ಜಿಲ್ಲೆಗಳ ಪ್ರತಿನಿಧಿಗಳು. ಮುಂದೆ ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ರಾಜ್ಯದಲ್ಲಿ ಏಳು ಹೊಸ ಜಿಲ್ಲೆಗಳು ರಚನೆಯಾದವು. ಅವುಗಳಲ್ಲಿ ದಾವಣಗೆರೆಯೂ ಒಂದು. ಹೊಸ ತಾಲ್ಲೂಕುಗಳ ಬೇಡಿಕೆಯನ್ನು ವಾಸುದೇವರಾವ್, ಹುಂಡೇಕರ್, ಎಂ.ಬಿ. ಪ್ರಕಾಶ್ ಮೊದಲಾದವರ ಸಮಿತಿಗಳು ಹಲವು ದಶಕಗಳ ಕಾಲ ಪರಿಶೀಲಿಸಿದವು. ಕೊನೆಗೆ 2017ರ ರಾಜ್ಯ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಸಾಲಿನಲ್ಲಿ ನ್ಯಾಮತಿಯೂ ಸ್ಥಾನ ಪಡೆಯಿತು. ಹರಪನಹಳ್ಳಿಯ ನಿರ್ಗಮನಕ್ಕೆ ಕಾರಣ ಬೇರೆ. ಸಂವಿಧಾನದ 371(ಜೆ) ವಿಧಿಯಡಿ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೂ ಬಳ್ಳಾರಿಗೂ ದೊರೆತ ವಿಶೇಷ ಸೌಲಭ್ಯವು ದಾವಣಗೆರೆ ಜಿಲ್ಲೆಯಲ್ಲಿದ್ದ ಆ ತಾಲ್ಲೂಕಿಗೆ ತಪ್ಪಿಹೋಗಿತ್ತು. 2021ರಲ್ಲಿ ಅದು ನೂತನ ವಿಜಯನಗರ ಜಿಲ್ಲೆಯ ಭಾಗವಾಯಿತು.

4. ಒಂದೇ ನೆಲ, ಮೂರು ಆಡಳಿತ ಸೀಮೆಗಳು

ನಾರ್ವೆಯಂತಹ ದೇಶದಲ್ಲಿ ಸ್ಥಳೀಯ ಆಡಳಿತದ ಮೂಲ ಘಟಕವಾದ 'ಕೊಮ್ಮುನೆ'ಯು 1837ರ ಶಾಸನದಿಂದ ರೂಪುಗೊಂಡಿತು. ಸಮುದ್ರದಿಂದ ದೂರದ ಒಳನಾಡಿನ ಒಂದು ಕಣಿವೆಯೇ ಹಲವೆಡೆ ಒಂದು ಕೊಮ್ಮುನೆ. ಅದಕ್ಕೊಂದು ಚುನಾಯಿತ ಮಂಡಳಿ. ಅಲ್ಲಿಯೂ ವಿಲೀನಗಳು ನಡೆದು, 2020ರಲ್ಲಿ ಅವುಗಳ ಸಂಖ್ಯೆ 422ರಿಂದ 356ಕ್ಕೆ ಇಳಿಯಿತು. ಆದರೂ ನೆಲ, ಹೆಸರು ಮತ್ತು ಚುನಾಯಿತ ಸಂಸ್ಥೆ ಅಲ್ಲಿ ಒಂದೇ ಸೀಮೆಯೊಳಗೆ ಕೂಡಿರುತ್ತವೆ. ನಮ್ಮ ತಾಲ್ಲೂಕಿನ ಸ್ವರೂಪ ಹಾಗಲ್ಲ.

ಇಲ್ಲಿ ತಾಲ್ಲೂಕು ಮೂಲತಃ ಕಂದಾಯದ ಘಟಕ. ತಹಸೀಲ್ದಾರರು ಅದರ ಮುಖ್ಯಸ್ಥರು. ಅದರ ಕೆಳಗೆ ಹೋಬಳಿ, ಹೋಬಳಿಯ ಕೆಳಗೆ ಗ್ರಾಮ. ಉದಾಹರಣೆಗೆ, ಜಗಳೂರು ತಾಲ್ಲೂಕು ಕಸಬಾ, ಸೊಕ್ಕೆ ಮತ್ತು ಬಿಳಿಚೋಡು ಹೋಬಳಿಗಳನ್ನು ಒಳಗೊಂಡಿದೆ. ಇದರೊಡನೆ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ, ತಾಲ್ಲೂಕು ಮತ್ತು ಜಿಲ್ಲಾ ಹಂತದ ಚುನಾಯಿತ ಸಂಸ್ಥೆಗಳಿವೆ. ಪಟ್ಟಣಗಳು 1964ರ ಪುರಸಭೆಗಳ ಅಧಿನಿಯಮಕ್ಕೆ ಒಳಪಟ್ಟಿವೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ಅವು ಆಡಳಿತಾಧಿಕಾರಿಗಳ ಕೈಸೇರಿದವು. ಪ್ರತ್ಯೇಕ ತಾಲ್ಲೂಕಾದ ನ್ಯಾಮತಿಯ ಜನರಿಗೆ ತಮ್ಮದೇ ಚುನಾಯಿತ ತಾಲ್ಲೂಕು ಸಂಸ್ಥೆಯನ್ನು ಕಾಣುವ ಅವಕಾಶ ಹೀಗೆ ಮುಂದಕ್ಕೆ ಹೋಯಿತು.

ಮೂರನೆಯದು ಶಾಸಕಾಂಗದ ಸೀಮೆ. 2008ರ ಕ್ಷೇತ್ರ ಪುನರ್ವಿಂಗಡಣೆಯ ಪ್ರಕಾರ ನ್ಯಾಮತಿಯು ಹೊನ್ನಾಳಿ ವಿಧಾನಸಭಾ ಕ್ಷೇತ್ರದಲ್ಲಿದೆ. ಚನ್ನಗಿರಿ ತಾಲ್ಲೂಕಿನ ಒಂದು ಭಾಗ ಮಾಯಕೊಂಡ ಕ್ಷೇತ್ರಕ್ಕೆ ಸೇರಿದೆ. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಜಗಳೂರು ಕ್ಷೇತ್ರವು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಭಾಗದ ಹಳ್ಳಿಗಳನ್ನೂ ಒಳಗೊಂಡಿದೆ. ಆದ್ದರಿಂದ ಆ ಹಳ್ಳಿಗಳ ಜನರು ಕಂದಾಯಕ್ಕೆ ಒಂದು ಜಿಲ್ಲೆಯ ಕಚೇರಿಗೂ ಶಾಸಕರ ಬಳಿಗೆ ಇನ್ನೊಂದು ಜಿಲ್ಲೆಯ ಪಟ್ಟಣಕ್ಕೂ ಹೋಗಬೇಕಾಗಿದೆ.

ಸೀಮೆಯ ಪ್ರಶ್ನೆಯು ಕೊನೆಗೆ ನೀರಿನ ಪ್ರಶ್ನೆಯಾಗಿಯೂ ಪರಿಣಮಿಸುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯು ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಜಿಲ್ಲೆಗಳೊಡನೆ ದಾವಣಗೆರೆ ಜಿಲ್ಲೆಯ ಜಗಳೂರನ್ನೂ ಒಳಗೊಂಡಿದ್ದು, ಒಟ್ಟು 2,25,515 ಹೆಕ್ಟೇರು ಪ್ರದೇಶಕ್ಕೆ ಹನಿ ನೀರಾವರಿ ಕಲ್ಪಿಸುವ ಉದ್ದೇಶ ಹೊಂದಿದೆ. 2023-24ರ ಕೇಂದ್ರ ಮುಂಗಡಪತ್ರದಲ್ಲಿ ಇದಕ್ಕೆ 5,300 ಕೋಟಿ ರೂಪಾಯಿಗಳ ನೆರವು ಘೋಷಣೆಯಾಯಿತು. ತುಂಗಭದ್ರೆಯ ನೀರನ್ನು ಮೇಲೆತ್ತಿ ಜಗಳೂರು ಸೀಮೆಯ 57 ಕೆರೆಗಳನ್ನು ತುಂಬಿಸುವ ಯೋಜನೆಯೂ ಕೈಗೊಳ್ಳಲ್ಪಟ್ಟಿತು. ಒಂದೇ ಜಿಲ್ಲೆಯ ಚನ್ನಗಿರಿಯಲ್ಲಿ ನಾಲೆಯ ಕೊನೆಯ ಭಾಗಕ್ಕೆ ನೀರು ತಲುಪುವುದೇ ಚರ್ಚೆಯ ವಿಷಯವಾದರೆ, ಜಗಳೂರಿನಲ್ಲಿ ನಾಲೆ ಬರುವುದೇ ಚರ್ಚೆಯ ವಿಷಯ. ಜಿಲ್ಲಾ ಸರಾಸರಿಗಳು ಈ ಅಂತರವನ್ನು ಮರೆಮಾಚುತ್ತವೆ.

5. ಆಕರಗಳ ನೆಲೆ

ಬಿ.ಎಲ್. ರೈಸ್ ಅವರು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯಲ್ಲಿ ಚನ್ನಗಿರಿ ಮತ್ತು ಹೊನ್ನಾಳಿಯ ಶಾಸನಗಳು ಶಿವಮೊಗ್ಗ ಜಿಲ್ಲೆಯ 7ನೆಯ ಸಂಪುಟದಲ್ಲಿಯೂ ಜಗಳೂರಿನವು ಚಿತ್ರದುರ್ಗ ಜಿಲ್ಲೆಯ 11ನೆಯ ಸಂಪುಟದಲ್ಲಿಯೂ ಇವೆ. ನ್ಯಾಮತಿ ಎಂಬ ತಾಲ್ಲೂಕಿನ ಶೀರ್ಷಿಕೆಯೇ ಅಲ್ಲಿಲ್ಲ. ಬೆಳಗುತ್ತಿಯ ಸಿಂದರನ್ನು ಅರಸುವವರು ಹೊನ್ನಾಳಿಯ ಸಂಖ್ಯೆಗಳಡಿಯಲ್ಲಿ ನೋಡಬೇಕು. ರಾಜ್ಯ ಗೆಜೆಟಿಯರಿನಲ್ಲಿಯೂ ಜಗಳೂರಿನ ವಿವರ 1967ರ ಚಿತ್ರದುರ್ಗ ಸಂಪುಟದಲ್ಲಿದ್ದರೆ, ಚನ್ನಗಿರಿ ಮತ್ತು ಹೊನ್ನಾಳಿಯದು 1975ರ ಶಿವಮೊಗ್ಗ ಸಂಪುಟದಲ್ಲಿದೆ. ಜನಗಣತಿಯ ಅಂಕಿಗಳು 1991ರವರೆಗೆ ಹಳೆಯ ಜಿಲ್ಲೆಗಳಡಿಯಲ್ಲಿಯೂ 2001ರಿಂದ ದಾವಣಗೆರೆಯಡಿಯಲ್ಲಿಯೂ ದೊರೆಯುತ್ತವೆ. 2011ರ ಹೊನ್ನಾಳಿಯ ಅಂಕಿಗಳಲ್ಲಿ ಇಂದಿನ ನ್ಯಾಮತಿಯೂ ಸೇರಿರುವುದರಿಂದ, ಅವನ್ನು ಮುಂದಿನ ಗಣತಿಯ ಹೊನ್ನಾಳಿಯೊಡನೆ ನೇರವಾಗಿ ಹೋಲಿಸಿದರೆ ಇಲ್ಲದ ಜನಕ್ಷಯವೊಂದು ಇದ್ದಂತೆ ತೋರೀತು.

ಆದಕಾರಣ ತಾಲ್ಲೂಕನ್ನು ಆಧಾರವಾಗಿಟ್ಟುಕೊಳ್ಳುವ ಬದಲು ಗ್ರಾಮವನ್ನು ಆಧಾರವಾಗಿಟ್ಟುಕೊಂಡು ಆಕರಗಳನ್ನು ಜೋಡಿಸುವುದು ಅಗತ್ಯ. ಪ್ರತಿಯೊಂದು ಗ್ರಾಮಕ್ಕೂ ಅದು ಕಾಲಕಾಲಕ್ಕೆ ಸೇರಿದ್ದ ಹೋಬಳಿ, ತಾಲ್ಲೂಕು ಮತ್ತು ಜಿಲ್ಲೆಗಳನ್ನು, ಶಾಸನ ಸಂಖ್ಯೆಗಳನ್ನು ಹಾಗೂ ಗಣತಿಯ ವರ್ಷಗಳನ್ನು ಒಂದೆಡೆ ತೋರಿಸುವ ಸೂಚಿಯೊಂದು ಸಿದ್ಧವಾಗಬೇಕು. ಈ ಕಾರ್ಯವನ್ನು ವಿಶ್ವವಿದ್ಯಾಲಯಗಳೂ ಜಿಲ್ಲಾ ಗ್ರಂಥಾಲಯಗಳೂ ಕೂಡಿ ನಿರ್ವಹಿಸಬಹುದು. ಸೀಮೆಗಳು ಇನ್ನು ಮುಂದೆಯೂ ಬದಲಾಗುತ್ತವೆ. ಊರುಗಳು ಮಾತ್ರ ತಮ್ಮ ಕೆರೆಯ ಏರಿಯ ಮಗ್ಗುಲಲ್ಲಿಯೇ ಇರುತ್ತವೆ; ಚರಿತ್ರೆಯನ್ನು ಅಲ್ಲಿಂದ ಓದತೊಡಗುವುದು ಹೆಚ್ಚು ಭದ್ರವಾದ ಮಾರ್ಗ.