ಟವರ್‌ಗೆ ಕಣ್ಣು ಬಂದ್ರೆ ಡೇಟಾ ಏನಾಗುತ್ತೆ?

ಇವತ್ತು ಒಂದೇ ಪ್ರಶ್ನೆ. ನಿಮ್ಮ ಫೋನಿಗೆ ಡೇಟಾ ಕೊಡೋ ಟವರ್, ಹೊಲಕ್ಕೆ ಬರೋ ಆನೆಯನ್ನೂ ಪತ್ತೆ ಮಾಡಬಹುದಾ?

ಮಾಡಬಹುದು. ಟವರ್ ಬಿಡೋ ರೇಡಿಯೋ ಅಲೆ ಫೋನಿಗೆ ಮಾತ್ರ ಹೋಗಲ್ಲ. ಮರ, ಲಾರಿ, ಪ್ರಾಣಿ ಎಲ್ಲಕ್ಕೂ ಬಡಿದು ಸ್ವಲ್ಪ ವಾಪಸ್ ಬರುತ್ತೆ. ಆ ಪ್ರತಿಧ್ವನಿಯನ್ನು ಅಳೆದರೆ ಟವರೇ ರೇಡಾರ್. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2023ರಲ್ಲಿ 6ಜಿಗೆ ಗುರುತಿಸಿದ ಆರು ಬಳಕೆಗಳಲ್ಲಿ ಇದೂ ಒಂದು. ತೆರಕಣಾಂಬಿ, ಗುಂಡ್ಲುಪೇಟೆ ಕಡೆಯ ಕಾಡಂಚಿನ ರೈತರಿಗೆ ಇಂಥದ್ದು ಬಂದ್ರೆ ರಾತ್ರಿ ಕಾವಲು ಹಗುರ ಆಗುತ್ತೆ.

ಆದ್ರೆ ಪುಕ್ಕಟೆ ಅಲ್ಲ. ಫೋನ್ ಎರಡರಷ್ಟು ದೂರ ಹೋದ್ರೆ ಬಯಲಲ್ಲಿ ಸಿಗ್ನಲ್ 4 ಪಟ್ಟು ಕುಗ್ಗುತ್ತೆ. ಪ್ರತಿಧ್ವನಿ ಹೋಗಿ ವಾಪಸ್ಸೂ ಬರಬೇಕಲ್ಲ, ಅದು 16 ಪಟ್ಟು ಕುಗ್ಗುತ್ತೆ. ಅದನ್ನ ಹಿಡಿಯೋಕೆ ಹೆಚ್ಚು ಪವರ್, ಹೆಚ್ಚು ಸಮಯ ಬೇಕು. ಎರಡೂ ಡೇಟಾ ಪಾಲಿನಿಂದಲೇ ಹೋಗಬೇಕು.

ಸಿಗ್ನಲ್‌ನ ಸ್ವಭಾವದಲ್ಲೂ ಜಗಳ ಇದೆ. ಬೆಟ್ಟದ ಎದುರು ನಿಂತು ಪ್ರತಿಧ್ವನಿ ಕೇಳಬೇಕು ಅಂದ್ರೆ ಒಂದೇ ಕೂಗು ಮತ್ತೆ ಮತ್ತೆ ಹಾಕ್ತೀವಿ. ಸುದ್ದಿ ಮುಟ್ಟಿಸಬೇಕು ಅಂದ್ರೆ ಮಾತು ಬದಲಾಗ್ತಾನೇ ಇರಬೇಕು. ರೇಡಾರ್‌ಗೆ ಮೊದಲನೆಯದು ಇಷ್ಟ, ಡೇಟಾಗೆ ಎರಡನೆಯದು.

ಇಬ್ಬರಿಗೂ ಲಾಭ ಆಗೋದು ಬ್ಯಾಂಡ್‌ವಿಡ್ತ್ ಹೆಚ್ಚಿದಾಗ. 20 ಮೆಗಾಹರ್ಟ್ಸ್‌ನಲ್ಲಿ, ಟವರ್‌ನಿಂದ ಇರೋ ದೂರದಲ್ಲಿ ಸುಮಾರು 7.5 ಮೀಟರ್ ವ್ಯತ್ಯಾಸ ಇದ್ದರೆ ಮಾತ್ರ ಎರಡು ಆನೆ ಎರಡಾಗಿ ಕಾಣುತ್ತೆ. 100 ಮೆಗಾಹರ್ಟ್ಸ್ ಇದ್ರೆ 1.5 ಮೀಟರ್ ಸಾಕು.

ಪತ್ತೆ ಹಚ್ಚೋದ್ರಲ್ಲಿ ತಪ್ಪು ಎರಡು ಥರ. ಆನೆ ಬಂದ್ರೂ ಸುಮ್ಮನಿರೋದು ಒಂದು. ದನ ಕಂಡ್ರೂ ಅಲಾರಂ ಹೊಡೆಯೋದು ಇನ್ನೊಂದು. ನಾಲ್ಕು ಸಲ ಸುಳ್ಳು ಅಲಾರಂ ಬಂದ್ರೆ ಐದನೇ ಸಲ ಯಾರೂ ಏಳಲ್ಲ. ಸೆನ್ಸಿಂಗ್‌ಗೆ ಪಾಲು ಕಡಿಮೆ ಮಾಡಿದಷ್ಟೂ ಈ ಎರಡರಲ್ಲಿ ಒಂದು ಹೆಚ್ಚುತ್ತೆ.

ಹಾಗಾದ್ರೆ ಹಂಚೋದು ಹೇಗೆ? ಗಡಿಯಾರ ನೋಡಿ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಾಮಾನ್ಯ ವಾಹನ ಬಿಡಲ್ಲ. ರಸ್ತೆ ಹಗಲು ನಮ್ಮದು, ರಾತ್ರಿ ಪ್ರಾಣಿಗಳದ್ದು. ಟವರ್‌ಗೂ ಇದೇ ಲೆಕ್ಕ ಹೊಂದುತ್ತೆ. ಹಗಲು ವ್ಯಾಪಾರ, ಯುಪಿಐ, ರೀಲ್ಸ್ ನಡೀಲಿ. ಮಧ್ಯರಾತ್ರಿ ಡೇಟಾ ಬಳಸೋರು ಕಡಿಮೆ, ಆಗ ಹೆಚ್ಚಿನ ಪಾಲು ಸೆನ್ಸಿಂಗ್‌ಗೆ ಕೊಡಬಹುದು. 112ಕ್ಕೆ ಕರೆ ಹೋಗುವಷ್ಟನ್ನ ಮಾತ್ರ ಯಾವಾಗಲೂ ಮುಟ್ಟಬಾರದು.

ನಾನು ಓದಿದ್ದು ಕಾಮರ್ಸ್, ಹಾಗಾಗಿ ಕೊನೇದಾಗಿ ಒಂದು ಲೆಕ್ಕ. ಪ್ರತಿ ಜಿಬಿಗೂ ರೀಚಾರ್ಜ್ ದುಡ್ಡು ಬರುತ್ತೆ. ತಪ್ಪಿಹೋದ ಆನೆಗೆ ಬಿಲ್ ಇಲ್ಲ, ಅದರ ನಷ್ಟ ರೈತನದ್ದು. ಪಾಲು ಮಾಡೋ ಕೆಲಸವನ್ನ ಕಂಪನಿಗೇ ಬಿಟ್ರೆ ತಕ್ಕಡಿ ಡೇಟಾ ಕಡೆಗೇ ವಾಲುತ್ತೆ. ಅದಕ್ಕೇ 6ಜಿ ಬರೋ ಮುಂಚೆ ಈ ನಿಯಮ ಕೇಳಬೇಕಾದವರು ನಾವು.