ಮೋಸೆಲ್ ದಡದ ಗುಡ್ಡ ಹತ್ತಿದಾಗ ಕಂಡಿದ್ದು

ಜರ್ಮನಿಗೆ ಕೆಲಸಕ್ಕೆಂದು ಬಂದ ನಮ್ಮವರು ಮೂರು ದಿನ ರಜೆ ಸಿಕ್ಕರೆ ಸಾಕು, ಸ್ವಿಟ್ಜರ್ಲೆಂಡ್ ಕಡೆ ಹೊರಟುಬಿಡ್ತಾರೆ. ನಾನು ಈ ಸಲ ಹೋಗಿದ್ದು ಮೋಸೆಲ್ ಕಣಿವೆಗೆ. ಫ್ರಾನ್ಸ್‌ನಲ್ಲಿ ಹುಟ್ಟಿ, ಹಾವಿನ ಹಾಗೆ ಬಳುಕುತ್ತಾ ಬಂದು ಕೋಬ್ಲೆಂಜ್‌ನಲ್ಲಿ ರೈನ್ ಸೇರುವ ನದಿ ಇದು. ಜರ್ಮನಿಯ ಗಡಿ ಊರು ಪೆರ್ಲ್‌ನಿಂದ ಕೋಬ್ಲೆಂಜ್‌ವರೆಗೆ ನದಿಯ ಜೊತೆಗೇ ಸಾಗುವ 365 ಕಿಲೋಮೀಟರ್ ಕಾಲುದಾರಿಯ ಹೆಸರು ಮೋಸೆಲ್‌ಸ್ಟೈಗ್. 2014ರಲ್ಲಿ ಶುರುವಾಯ್ತು. ಒಟ್ಟು 24 ಹಂತ. ಪೂರ್ತಿ ನಡೆಯೋಕೆ ಅಷ್ಟು ದಿನ ರಜೆ ಯಾರು ಕೊಡ್ತಾರೆ ಹೇಳಿ? ನಾನು ಆರಿಸಿಕೊಂಡಿದ್ದು ನೇಫ್‌ನಿಂದ ಕೋಹೆಮ್‌ವರೆಗಿನ ಮೂರು ಹಂತ, ಮೂರು ದಿನ.

ಮೊದಲ ದಿನವೇ ಎದುರಾಗೋದು ಬ್ರೆಮ್ ಊರಿನ ಕಾಲ್‌ಮೋಂಟ್ ಗುಡ್ಡ. ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟಗಳಲ್ಲಿ ಒಂದು. ಕೆಲವು ಕಡೆ ಇಳಿಜಾರು 60 ಡಿಗ್ರಿ ದಾಟುತ್ತೆ, ಅಂದರೆ ಗೋಡೆಗೆ ಏಣಿ ಒರಗಿಸಿಟ್ಟ ಹಾಗೆ. ನೆಲವೆಲ್ಲ ಸ್ಲೇಟು ಕಲ್ಲಿನ ಚೂರು. ಒಂದನೇ ಕ್ಲಾಸಲ್ಲಿ ಬಳಪ ಹಿಡಿದು ಬರೆದೆವಲ್ಲ, ಅದೇ ಜಾತಿಯ ಕಲ್ಲು. ಹಗಲು ಬಿಸಿಲು ಕುಡಿದು ರಾತ್ರಿ ಆ ಶಾಖವನ್ನು ಬಳ್ಳಿಗೆ ವಾಪಸ್ ಕೊಡುತ್ತೆ. ಇಷ್ಟು ಚಳಿಯ ಸೀಮೆಯಲ್ಲೂ ರೀಸ್ಲಿಂಗ್ ದ್ರಾಕ್ಷಿ ಹಣ್ಣಾಗೋದು ಹೀಗೆ.

ಇಲ್ಲಿ ಟ್ರ್ಯಾಕ್ಟರ್ ಹತ್ತೋದೇ ಇಲ್ಲ. ಒಂದೊಂದು ಬಳ್ಳಿಗೆ ಒಂದೊಂದು ಗೂಟ. ಸವರೋದು, ಕಟ್ಟೋದು, ಕೊಯ್ಯೋದು ಎಲ್ಲ ಕೈಯಲ್ಲೇ. ಜನ ಮತ್ತು ಗೊಂಚಲು ಸಾಗಿಸೋಕೆ ಹಲ್ಲಿರುವ ಒಂದೇ ಹಳಿಯ ಮೇಲೆ ತೆವಳುವ ಪುಟ್ಟ ಗಾಡಿ ಇದೆ. ಅದರ ವಿಡಿಯೊ ಶಿರಸಿಗೆ, ಅಪ್ಪಯ್ಯನಿಗೆ ಕಳಿಸಿದೆ. ಹೇಗಿದ್ದೀಯ ಅಂತ ಕೇಳೋ ಮೊದಲೇ ‘ಅದಕ್ಕೆ ಎಷ್ಟು ದುಡ್ಡು ಬೀಳ್ತಡ?’ ಅಂದ. ಅಡಿಕೆ ಕೊಯ್ಯೋಕೆ ಕೊನೆಗೌಡ ಸಿಗದೆ ಪ್ರತಿವರ್ಷ ಒದ್ದಾಡುವವನು ಇನ್ನೇನು ಕೇಳಿಯಾನು!

ಸ್ವಲ್ಪ ಮುಂದೆ ಹೋದರೆ ಬಳ್ಳಿಯ ಸಾಲು ಕಡಿದು ಮುಳ್ಳುಪೊದೆ ಶುರು. ಪೊದೆಯೊಳಗೆ ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ಪಾಗಾರಗಳು ಕುಸಿದು ಬಿದ್ದಿವೆ. ಸಮತಟ್ಟು ತೋಟಕ್ಕಿಂತ ಇಲ್ಲಿ ದುಡಿಮೆ ಹಲವು ಪಟ್ಟು, ಆದರೆ ಸೂಪರ್‌ಮಾರ್ಕೆಟ್‌ನಲ್ಲಿ ಈ ವೈನು ನಿಲ್ಲೋದು ಅಗ್ಗದ ಬಾಟಲಿಗಳ ಪಕ್ಕದಲ್ಲೇ. ಹಾಗಾಗಿ ಎಷ್ಟೋ ಮನೆತನಗಳು ಕೈಬಿಟ್ಟಿವೆ. ಕೆಲವರು ಮತ್ತೆ ನೆಟ್ಟಿದ್ದಾರೆ ಕೂಡ. ಕೊಯ್ಲಿಗೆ ಪೋಲೆಂಡ್, ರೊಮೇನಿಯಾದಿಂದ ಜನ ಬರಬೇಕು. ತೋಟ ಪಾಳು ಬಿದ್ದರೆ ಅಪೋಲೊ ಅನ್ನೋ ಚಿಟ್ಟೆಗೂ ಕಷ್ಟ. ಅದರ ಮರಿಹುಳು ತಿನ್ನುವ ಗಿಡ ಬೆಳೆಯೋದು ಬಿಸಿಲಿಗೆ ಕಾದ ಇದೇ ಪಾಗಾರ, ಬಂಡೆಗಳ ಸಂದಿಯಲ್ಲಿ. ಪೊದೆಯ ನೆರಳು ಬಂದರೆ ಆ ಗಿಡವೂ ಇಲ್ಲ.

ಅವತ್ತು ಸಂಜೆ ಎಡಿಗರ್-ಎಲ್ಲರ್‌ನಲ್ಲಿ ಒಬ್ಬ ಬೆಳೆಗಾರರ ಅಂಗಳದಲ್ಲಿ ಕೂತಿದ್ದೆ. ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು ತಮ್ಮದೇ ವೈನು, ಬ್ರೆಡ್ಡು, ಚೀಸು ಮಾರೋಕೆ ಬೆಳೆಗಾರರಿಗೆ ಅವಕಾಶ ಇದೆ. ಆ ಹಿರಿಯರಿಗೆ ಎಪ್ಪತ್ತರ ಮೇಲಾಗಿರಬೇಕು. ನನ್ನ ಹರಕುಮುರುಕು ಜರ್ಮನ್‌ನಲ್ಲಿ, ಮುಂದೆ ತೋಟ ಯಾರು ನೋಡ್ಕೋತಾರೆ ಅಂತ ಕೇಳಿದೆ. ಮಗ ಫ್ರಾಂಕ್‌ಫರ್ಟ್‌ನಲ್ಲಿ, ಬ್ಯಾಂಕಿನಲ್ಲಿದ್ದಾನಂತೆ. ‘ನಿಮ್ಮ ತಂದೆ ಏನು ಮಾಡ್ತಾರೆ?’ ಅಂತ ಅವರೂ ಕೇಳಿದರು. ತೋಟ ಅಂದೆ. ನಕ್ಕರು. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಎರಡನೇ ದಿನದ ಬೈಲ್‌ಸ್ಟೈನ್ ಚಂದದ ಊರು, ಪ್ರವಾಸಿಗಳ ಗದ್ದಲ ಜಾಸ್ತಿ. ಮೂರನೇ ದಿನದ ಕೋಹೆಮ್ ಕೋಟೆ ಫೋಟೊದಲ್ಲಿ ನೋಡಿದ್ದಕ್ಕಿಂತ ಹೊಸದಾಗಿ ಕಾಣುತ್ತೆ. 1689ರಲ್ಲಿ ಫ್ರೆಂಚರು ಕೆಡವಿದ್ದನ್ನು 19ನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು.

ಹೋಗೋದಾದರೆ ಸೆಪ್ಟೆಂಬರ್ ಕೊನೆಗೆ ಹೋಗಿ, ಕೊಯ್ಲು ಕಾಣಸಿಗುತ್ತೆ. ನೇಫ್, ಎಲ್ಲರ್, ಕೋಹೆಮ್ ಮೂರಕ್ಕೂ ರೈಲಿದೆ. ಬೈಲ್‌ಸ್ಟೈನ್‌ಗಿಲ್ಲ. ಕಾಲ್‌ಮೋಂಟ್‌ನಲ್ಲಿ ಕಬ್ಬಿಣದ ಏಣಿ, ಹಗ್ಗ ಹಿಡಿದು ಸಾಗುವ ಇನ್ನೊಂದು ಕಿರುದಾರಿಯೂ ಇದೆ. ತಲೆ ಸುತ್ತುವವರು ಅತ್ತ ಹೋಗಬೇಡಿ. ವೈನು ಕುಡಿಯದವರಿಗೆ ದ್ರಾಕ್ಷಿ ರಸ ಕೇಳಿ, ಕೊಡ್ತಾರೆ. ಬಾಟಲಿ ಒಯ್ಯೋದಿದ್ದರೆ ಊರಲ್ಲೇ, ಬೆಳೆದವರ ಕೈಯಿಂದಲೇ ಕೊಳ್ಳಿ.